ಬಿಸಿನೀರಿನಲ್ಲಿ ಕರಗದ ಲವಣ, ಲೆಕ್ಕಕ್ಕೆ ಬಾರದ ನಷ್ಟ

ನೀರು ಬಿಸಿಯಾದಷ್ಟೂ ಲವಣಗಳು ಹೆಚ್ಚು ಕರಗುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಬಹುಪಾಲು ಲವಣಗಳ ಮಟ್ಟಿಗೆ ಇದು ನಿಜ. 100 ಗ್ರಾಂ ನೀರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 32 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು ಕರಗಿಸಿಕೊಂಡರೆ, 60 ಡಿಗ್ರಿಯಲ್ಲಿ ಸುಮಾರು 110 ಗ್ರಾಂ ಕರಗಿಸಿಕೊಳ್ಳುತ್ತದೆ. ಅಡುಗೆ ಉಪ್ಪಿನಲ್ಲಿ ವ್ಯತ್ಯಾಸ ಅತ್ಯಲ್ಪ: 20 ಡಿಗ್ರಿಯಲ್ಲಿ 36 ಗ್ರಾಂ, 100 ಡಿಗ್ರಿಯಲ್ಲಿ 39 ಗ್ರಾಂ. ಆದರೆ ಕ್ಯಾಲ್ಸಿಯಂನ ಕೆಲವು ಲವಣಗಳ ವರ್ತನೆ ಇದಕ್ಕೆ ತದ್ವಿರುದ್ಧ. ಅಕ್ಕಿ ಗಿರಣಿಯಿಂದ ಹಿಡಿದು ಬಟ್ಟೆಗೆ ಬಣ್ಣ ಹಾಕುವ ಘಟಕದವರೆಗೆ, ಬಾಯ್ಲರ್ ಇರಿಸಿಕೊಂಡವರೆಲ್ಲರಿಗೂ ಈ ಅಪವಾದವು ಹಣದ ಪ್ರಶ್ನೆಯಾಗಿದೆ.

ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಕರಗುತ್ತದೆ. ಉಷ್ಣತೆಯು ಸುಮಾರು 40 ಡಿಗ್ರಿಯನ್ನು ದಾಟಿದ ಮೇಲೆ ಈ ಪ್ರಮಾಣ ಇಳಿಯತೊಡಗುತ್ತದೆ. ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯ್ದಾಗ ವಿಘಟನೆ ಹೊಂದಿ, ನೀರಿನಲ್ಲಿ ಬಹುಮಟ್ಟಿಗೆ ಕರಗದ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಮನೆಯ ಗೀಸರಿನ ಕಾಯಿಲ್ ಮೇಲೆ ಕಾಣುವ ಬಿಳಿಯ ಪದರ ಇದೇ. ಬಾಯ್ಲರಿನಲ್ಲಿ ನೀರು ಅತಿ ಹೆಚ್ಚು ಕಾಯುವುದು ಕೊಳವೆಯ ಗೋಡೆಗೆ ತಾಗಿದಲ್ಲಿ. ಆದಕಾರಣ ಪದರವೂ ಅಲ್ಲಿಯೇ ಕಟ್ಟುತ್ತದೆ.

ಈ ಪದರಕ್ಕೆ 'ಸ್ಕೇಲ್' ಎಂದು ಹೆಸರು. ಉಕ್ಕಿಗೆ ಹೋಲಿಸಿದರೆ ಇದು ಶಾಖವನ್ನು ಅತ್ಯಲ್ಪವಾಗಿ ದಾಟಿಸುತ್ತದೆ. ಅಷ್ಟೇ ಹಬೆಗೆ ಹೆಚ್ಚು ಇಂಧನ ಉರಿಸಬೇಕಾಗುತ್ತದೆ. ನೀರಿನ ಬದಿಯಲ್ಲಿ 1 ಮಿಲಿಮೀಟರ್ ಸ್ಕೇಲ್ ಇದ್ದರೆ ಇಂಧನ ಬಳಕೆ ಶೇಕಡಾ 5ರಿಂದ 8ರಷ್ಟು ಏರಬಹುದೆಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಕೈಪಿಡಿ ಹೇಳುತ್ತದೆ. ಉದಾಹರಣೆಗೆ, ತಿಂಗಳಿಗೆ 4 ಲಕ್ಷ ರೂಪಾಯಿ ಇಂಧನ ವೆಚ್ಚವಿರುವ ಘಟಕಕ್ಕೆ ಇದರಿಂದ ತಗಲುವ ಹೊರೆ 20,000ದಿಂದ 32,000 ರೂಪಾಯಿ, ವರ್ಷಕ್ಕೆ 2.40 ಲಕ್ಷದಿಂದ 3.84 ಲಕ್ಷ ರೂಪಾಯಿ. ಲೆಕ್ಕಪತ್ರದಲ್ಲಿ ಇದಕ್ಕೆ ಪ್ರತ್ಯೇಕ ಶೀರ್ಷಿಕೆಯಿಲ್ಲ. ಇಂಧನದ ಖಾತೆಯಲ್ಲಿ ಅದು ಬೆರೆತುಹೋಗುತ್ತದೆ. ದೂರು ಸೌದೆ ಅಥವಾ ಕಲ್ಲಿದ್ದಲಿನ ಗುಣಮಟ್ಟದ ಮೇಲೆ ಹೋಗುತ್ತದೆ. ಸ್ಕೇಲ್ ದಪ್ಪವಾದಂತೆ ಕೊಳವೆಯ ಲೋಹ ಮಿತಿಮೀರಿ ಕಾಯ್ದು, ಬಲಗುಂದಿ, ಒಡೆಯುವ ಅಪಾಯವೂ ಉಂಟು. ಆಗ ಪ್ರಶ್ನೆ ಹಣದ್ದಷ್ಟೇ ಅಲ್ಲ, ಕಾರ್ಮಿಕರ ಜೀವದ್ದು.

ಪರಿಹಾರ ದುಬಾರಿಯಲ್ಲ. ಮೃದುಕಾರಕ ಯಂತ್ರದ ರಾಳವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಡಿಯಂ ಅನ್ನು ಬಿಟ್ಟುಕೊಡುತ್ತದೆ. ರಾಳದ ಶಕ್ತಿ ಕುಂದಿದಾಗ ಅದನ್ನು ಮರಳಿ ಸಜ್ಜುಗೊಳಿಸಲು ಬೇಕಾಗುವುದು ಸಾಮಾನ್ಯ ಉಪ್ಪಿನ ದ್ರಾವಣ. ಸೋಡಿಯಂ ಲವಣಗಳು ಕಾದ ನೀರಿನಲ್ಲಿಯೂ ಕರಗಿಯೇ ಇರುವುದರಿಂದ ಅವುಗಳನ್ನು ನಿಯತವಾಗಿ 'ಬ್ಲೋಡೌನ್' ಮಾಡಿ ಹೊರಹಾಕಬಹುದು. ಬ್ಲೋಡೌನ್ ಅತಿಯಾದರೆ ಶಾಖ ವ್ಯರ್ಥ, ಕಡಿಮೆಯಾದರೆ ಲವಣ ಶೇಖರಣೆ. ಆದುದರಿಂದ ನೀರಿನ ಪರೀಕ್ಷೆಯನ್ನು ಅನುಸರಿಸಿಯೇ ಅದನ್ನು ನಿರ್ಧರಿಸತಕ್ಕದ್ದು.

ಬಯಲುಸೀಮೆಯ ಕೊಳವೆ ಬಾವಿಗಳನ್ನು ನಂಬಿರುವ ಘಟಕಗಳು ಮೂರು ಅಂಕಿಗಳನ್ನು ದಿನವಹಿಯಲ್ಲಿ ಬರೆದಿಡುವುದು ಲೇಸು: ಬಾಯ್ಲರಿಗೆ ಹೋಗುವ ನೀರಿನ ಗಡಸುತನ, ಚಿಮಣಿಯ ಅನಿಲದ ಉಷ್ಣತೆ, ಒಂದು ಟನ್ ಹಬೆಗೆ ತಗಲಿದ ಇಂಧನ. ಹೊರೆ ಬದಲಾಗದಿದ್ದರೂ ಕಡೆಯ ಎರಡು ಅಂಕಿಗಳು ವಾರದಿಂದ ವಾರಕ್ಕೆ ಏರುತ್ತಿದ್ದರೆ, ಇಂಧನ ಸರಬರಾಜುದಾರರೊಡನೆ ವಾದಕ್ಕಿಳಿಯುವ ಮುನ್ನ ಕೊಳವೆಗಳನ್ನು ಪರೀಕ್ಷಿಸುವುದು ಉಚಿತ.