ಗೋಡೆಗೆ ಒರಗಿದ ಇರುಳು

ಪರ್ವತಾರೋಹಿಗಳ ಮಾತಿನಲ್ಲಿ ‘ಬಿವೊಕ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಡೇರೆಯಾಗಲಿ ಮಾಡಾಗಲಿ ಇಲ್ಲದೆ ಇರುಳು ಕಳೆಯುವುದಕ್ಕೆ ಆ ಹೆಸರು. ಪದದ ಮೂಲ ಸ್ವಿಸ್ ಜರ್ಮನ್ ನುಡಿಯಲ್ಲಿದೆ. ಅಲ್ಲಿ ಅದಕ್ಕೆ ರಾತ್ರಿಯ ಹೆಚ್ಚುವರಿ ಪಹರೆ ಎಂಬ ಅರ್ಥವಿತ್ತು. ಫ್ರೆಂಚ್ ಮೂಲಕ ಅದು ಸೈನಿಕರ ಬಾಯಿಗೆ, ಅಲ್ಲಿಂದ ಆರೋಹಿಗಳ ಬಾಯಿಗೆ ಬಂತು. ಮಲಗುವುದಕ್ಕೆ ಸಂದ ಈ ಹೆಸರು ಮೊದಲು ಎಚ್ಚರವಾಗಿರುವುದರ ಹೆಸರಾಗಿತ್ತು. ಕಡಿದಾದ ಬಂಡೆಯ ನಡುವೆ ಹಾಸಿಗೆಯಿಲ್ಲದೆ ರಾತ್ರಿ ಕಳೆದವರ ಕಥೆಗಳನ್ನು ನೋಡಿದರೆ ಹಳೆಯ ಅರ್ಥವೇ ಸರಿ ಎನಿಸುತ್ತದೆ.

ಕತ್ತಲು ಹಿಡಿಯುವ ಜಾಗ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ಕಣಿವೆಯ ಎಲ್ ಕ್ಯಾಪಿಟನ್ ಬಂಡೆ ಸುಮಾರು 900 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿದೆ. ಸ್ವಿಟ್ಜರ್ಲೆಂಡಿನ ಐಗರ್ ಶಿಖರದ ಉತ್ತರ ಮುಖ ಸುಮಾರು 1,800 ಮೀಟರ್. ಮೊದಲ ಸಲ ಏರುವವರು ದಾರಿ ಹುಡುಕುತ್ತ, ಬಿರುಕಿಗೆ ಉಕ್ಕಿನ ಮೊಳೆ ಬಡಿಯುತ್ತ, ಹಿಂದೆ ಬರುವ ಜೊತೆಗಾರನಿಗೆ ಹಗ್ಗ ಹಿಡಿಯುತ್ತ ಹೋಗಬೇಕು. ದಿನವಿಡೀ ದುಡಿದರೂ ನೂರು, ನೂರೈವತ್ತು ಮೀಟರ್ ಸಾಗಿದರೆ ಹೆಚ್ಚು. ಹೀಗಾಗಿ ಸೂರ್ಯ ಮುಳುಗುವ ಹೊತ್ತಿಗೆ ಆರೋಹಿ ಅತ್ತ ತುದಿಗೂ ಇಲ್ಲ, ಇತ್ತ ಬುಡಕ್ಕೂ ಇಲ್ಲ. ಕತ್ತಲಲ್ಲಿ ಇಳಿಯುವುದು ಏರುವಷ್ಟೇ ಅಪಾಯ. ಇದ್ದಲ್ಲೇ ಇರಬೇಕು.

ಯೊಸೆಮಿಟಿಯಲ್ಲಿ ಬೆಳೆದ ಶ್ರೇಣಿ ಪದ್ಧತಿ ದಾರಿಯನ್ನು ಅದು ಬೇಡುವ ಸಮಯದಿಂದ ಅಳೆಯುತ್ತದೆ. ಆರನೆಯ ಶ್ರೇಣಿ ಎಂದರೆ ಎರಡು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವ ಗೋಡೆ. ದಾರಿಯ ದೊಡ್ಡತನವನ್ನು ಅಲ್ಲಿ ಕಳೆಯಬೇಕಾದ ರಾತ್ರಿಗಳಿಂದಲೇ ಎಣಿಸಿದಂತಾಯಿತು.

ದೇಹದ ಲೆಕ್ಕ

ಅದೃಷ್ಟವಿದ್ದರೆ ಮಂಚದಷ್ಟು ಅಗಲದ ಬಂಡೆಯ ಚಾಚು ಸಿಗುತ್ತದೆ. ಎಲ್ ಕ್ಯಾಪಿಟನ್ನಿನ ‘ನೋಸ್’ ದಾರಿಯಲ್ಲಿ ಅಂಥ ಕೆಲವು ಚಾಚುಗಳಿಗೆ ಊರುಗಳಂತೆ ಹೆಸರುಗಳಿವೆ. ಅದೃಷ್ಟ ಕಡಿಮೆಯಿದ್ದರೆ ಕುಳಿತುಕೊಳ್ಳುವಷ್ಟು ಅಂಚು, ಇನ್ನೂ ಕಡಿಮೆಯಿದ್ದರೆ ಪಾದ ಊರುವಷ್ಟು ಮೆಟ್ಟಿಲು. ಏನೂ ಸಿಗದಿದ್ದರೆ ಹಗ್ಗಕ್ಕೆ ತೂಗಿಕೊಳ್ಳಬೇಕು. ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಕಾಲಿನ ರಕ್ತ ಹೃದಯಕ್ಕೆ ಮರಳಲು ಮಾಂಸಖಂಡಗಳ ಚಲನೆಯ ನೆರವು ಬೇಕು. ಅಲುಗಾಡದೆ ತೂಗುತ್ತಿದ್ದರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಪ್ರಜ್ಞೆ ತಪ್ಪಬಹುದು, ಜೀವವೂ ಹೋಗಬಹುದು. ಹಿಂದಿನವರು ಹಗ್ಗವನ್ನು ನೇರವಾಗಿ ಸೊಂಟಕ್ಕೋ ಎದೆಗೋ ಕಟ್ಟುತ್ತಿದ್ದರು. ಅದರ ಮೇಲೆ ಭಾರ ಬಿಟ್ಟರೆ ಉಸಿರಾಟವೇ ಕಷ್ಟ. ಆದ್ದರಿಂದ ಹಗ್ಗದ ಏಣಿಯ ಮೆಟ್ಟಿಲಿಗೆ ಪಾದ ಕೊಟ್ಟು, ಪಟ್ಟಿಯ ಕುಣಿಕೆಯನ್ನು ತೊಡೆಯಡಿಗೆ ಆಸನವಾಗಿ ಹಾಕಿಕೊಂಡು, ಭಾರವನ್ನು ಆಗಾಗ ಅತ್ತಿಂದಿತ್ತ ಬದಲಿಸುತ್ತ ರಾತ್ರಿ ಕಳೆಯುತ್ತಿದ್ದರು.

ಎರಡನೆಯ ಶತ್ರು ಚಳಿ. ಗಾಳಿ ಮೇಲಿನಿಂದ ಕದಿಯುವ ಶಾಖವನ್ನು ಬಂಡೆ ಕೆಳಗಿನಿಂದ ಕದಿಯುತ್ತದೆ. ಹಗಲು ಹಿಡಿದ ಹಗ್ಗವನ್ನೇ ಸುರುಳಿ ಸುತ್ತಿ ಅದರ ಮೇಲೆ ಕೂರುವುದು, ಖಾಲಿ ಮಾಡಿದ ಬೆನ್ನುಚೀಲದೊಳಗೆ ಕಾಲು ತೂರಿಸುವುದು, ಬೂಟಿನ ದಾರ ಸಡಿಲಿಸಿ ಬೆರಳುಗಳನ್ನು ಆಡಿಸುತ್ತಿರುವುದು, ಇಬ್ಬರೂ ಮೈಗೆ ಮೈ ತಾಗಿಸಿ ಕೂರುವುದು ಹಳಬರ ಉಪಾಯಗಳು. ಇವೆಲ್ಲಕ್ಕೂ ಮೇಲಿನ ನಿಯಮ ಒಂದಿದೆ: ಬೆಳಗಿನವರೆಗೆ ಸೊಂಟದ ಗಂಟು ಬಿಚ್ಚಬಾರದು. ಕೈಜಾರಿದ ಬೂಟು, ಕೈಗವಸು, ನೀರಿನ ಬಾಟಲಿ ಮತ್ತೆ ಸಿಗುವುದಿಲ್ಲ; ಆದ್ದರಿಂದ ಅವಕ್ಕೂ ಒಂದೊಂದು ದಾರ.

ಆಲ್ಪ್ಸ್ ತೆತ್ತ ಬೆಲೆ

ಈ ಪಾಠಗಳೆಲ್ಲ ಪುಕ್ಕಟೆ ಬಂದವಲ್ಲ. 1935ರ ಆಗಸ್ಟ್‌ನಲ್ಲಿ ಮ್ಯಾಕ್ಸ್ ಸೆಡ್ಲ್‌ಮಾಯರ್ ಮತ್ತು ಕಾರ್ಲ್ ಮೆರಿಂಗರ್ ಎಂಬ ಜರ್ಮನ್ ತರುಣರು ಐಗರ್‌ನ ಉತ್ತರ ಮುಖದಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತರು. ಅವರು ತಂಗಿದ್ದ ಜಾಗಕ್ಕೆ ‘ಸಾವಿನ ಬಿವೊಕ್’ ಎಂಬ ಹೆಸರೇ ಉಳಿಯಿತು. ಮರುವರ್ಷದ ಜುಲೈನಲ್ಲಿ ಟೋನಿ ಕುರ್ಟ್ಸ್ ಮೂವರು ಜೊತೆಗಾರರನ್ನು ಕಳೆದುಕೊಂಡು ಇಡೀ ರಾತ್ರಿ ಹಗ್ಗದಲ್ಲಿ ತೂಗಿದ. ಒಂದು ಕೈಗವಸು ಕಳೆದು ಆ ಕೈ ಹೆಪ್ಪುಗಟ್ಟಿತ್ತು. ಮರುದಿನ ರಕ್ಷಕರಿಗೆ ಕೆಲವೇ ಮೀಟರ್ ಮೇಲೆ, ಅವರ ಕಣ್ಣೆದುರೇ ಪ್ರಾಣ ಬಿಟ್ಟ.

1938ರ ಜುಲೈ 24ರಂದು ಈ ಮುಖವನ್ನು ಮೊದಲು ಗೆದ್ದ ನಾಲ್ವರಲ್ಲಿ ಲುಡ್ವಿಗ್ ಫೋರ್ಗ್ ಒಬ್ಬ. ಅವನಿಗೆ ಗೆಳೆಯರು ಇಟ್ಟ ಅಡ್ಡಹೆಸರು ‘ಬಿವೊಕ್ ರಾಜ’. ಸಿಕ್ಕ ಇಕ್ಕಟ್ಟಿನಲ್ಲೇ ನೆಮ್ಮದಿಯಾಗಿ ರಾತ್ರಿ ಕಳೆಯುವ ಕಲೆಯೂ ಏರುವ ಕಲೆಯಷ್ಟೇ ದೊಡ್ಡದೆಂದು ಆಗಲೇ ಆರೋಹಿಗಳು ಒಪ್ಪಿಕೊಂಡಿದ್ದರು.

ಆ ಕಲೆಗೂ ಮಿತಿಯಿದೆ ಎಂಬುದಕ್ಕೆ ಹಿಮಾಲಯದ ನಂಗಾ ಪರ್ಬತ್ ಸಾಕ್ಷಿ. 1953ರ ಜುಲೈ 3ರಂದು ಸಂಜೆ ಹರ್ಮನ್ ಬೂಲ್ ಒಬ್ಬನೇ ಅದರ ತುದಿ ಮುಟ್ಟಿದ. ಇಳಿಯುವಾಗ ಕತ್ತಲಾಯಿತು. ಸುಮಾರು 8,000 ಮೀಟರ್ ಎತ್ತರದಲ್ಲಿ ಕೂರಲೂ ಜಾಗವಿಲ್ಲದ ಅಂಚಿನ ಮೇಲೆ, ಡೇರೆಯಿಲ್ಲದೆ, ಬಂಡೆಗೊರಗಿ ಬೆಳಗಿನವರೆಗೆ ನಿಂತ. ಗಾಳಿ ಬೀಸದಿದ್ದುದರಿಂದ ಬದುಕಿದ. ಕಾಲಿನ ಎರಡು ಬೆರಳು ಹೋದವು. ಮರುವರ್ಷ ಕೆ-2 ಶಿಖರದಲ್ಲಿ ಇಟಲಿಯ ವಾಲ್ಟರ್ ಬೊನಾಟಿ ಮತ್ತು ಹುಂಜಾದ ಹಮಾಲಿ ಅಮೀರ್ ಮಹದಿ ಸುಮಾರು 8,100 ಮೀಟರ್‌ನಲ್ಲಿ ಹಿಮದ ಮೇಲೆ ಬಯಲಲ್ಲೇ ರಾತ್ರಿ ಕಳೆದರು. ಬೊನಾಟಿಯ ಕಾಲಿಗೆ ಏನೂ ಆಗಲಿಲ್ಲ. ಮಹದಿಯ ಕಾಲಲ್ಲಿದ್ದದ್ದು ಎತ್ತರಕ್ಕೆ ಹೊಂದದ ಸಾಧಾರಣ ಬೂಟು; ಅವನು ಕಾಲ್ಬೆರಳುಗಳನ್ನು ಕಳೆದುಕೊಂಡ. ಒಂದೇ ರಾತ್ರಿ, ಒಂದೇ ಜಾಗ. ಸಹನೆ ಇಬ್ಬರಿಗೂ ಇತ್ತು, ಬೂಟು ಒಬ್ಬನಿಗೆ ಮಾತ್ರ ಇತ್ತು.

ಬಾಯಾರಿಕೆಯ ಕಣಿವೆ

ಯೊಸೆಮಿಟಿಯ ಬೇಸಿಗೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಚಳಿಗಿಂತ ನೀರಡಿಕೆ ಕಠಿಣ. ಒಣ ಬಂಡೆಯಲ್ಲಿ ನೀರು ಸಿಗುವುದಿಲ್ಲ, ಹೊತ್ತೇ ಒಯ್ಯಬೇಕು. ಹೊದಿಕೆ ಹೆಚ್ಚಾದರೆ ನೀರು ಕಡಿಮೆ. ನೀರು ಹೆಚ್ಚಾದರೆ ನಡೆ ನಿಧಾನ. ನಡೆ ನಿಧಾನವಾದರೆ ಇನ್ನೊಂದು ರಾತ್ರಿ. ತಂಗಲು ಸಾಮಾನು ಒಯ್ದವನು ತಂಗಲೇಬೇಕಾಗುತ್ತದೆ ಎಂಬ ಮಾತು ಆರೋಹಿಗಳಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಕಮ್ಮಾರ ಜಾನ್ ಸಲಾತೆ 1950ರಲ್ಲಿ, ತನ್ನ 51ನೆಯ ವಯಸ್ಸಿನಲ್ಲಿ, ಅಲೆನ್ ಸ್ಟೆಕ್ ಜೊತೆ ಸೆಂಟಿನೆಲ್ ಬಂಡೆಯನ್ನು ಏರಿದಾಗ ನಾಲ್ಕೂವರೆ ದಿನ ಸುಡುಬಿಸಿಲಲ್ಲಿ ಅಳೆದು ನೀರು ಕುಡಿಯಬೇಕಾಯಿತು. 1957ರ ಜೂನ್‌ನಲ್ಲಿ ರಾಯಲ್ ರಾಬಿನ್ಸ್, ಜೆರಿ ಗಾಲ್ವಾಸ್, ಮೈಕ್ ಶೆರಿಕ್ ಹಾಫ್ ಡೋಮ್‌ನ ಸುಮಾರು 600 ಮೀಟರ್ ಗೋಡೆಗೆ ಐದು ದಿನ ತೆಗೆದುಕೊಂಡರು. ಆ ಕಣಿವೆಯವರು ಸೊಂಟಕ್ಕೆ ಹಲವು ಸುತ್ತು ಬಿಗಿಯುತ್ತಿದ್ದ ಅಗಲ ಪಟ್ಟಿಗೆ ‘ಸ್ವಾಮಿ ಬೆಲ್ಟ್’ ಎಂಬ ಹೆಸರಿತ್ತು ಎಂಬುದು ನಮ್ಮವರಿಗೆ ಕೌತುಕ ತರಬಹುದು. ಅದನ್ನು ಕಟ್ಟಿಕೊಂಡೇ ಅವರು ಉಣ್ಣಬೇಕು, ಮಲಗಬೇಕು.

ಜೋಲಿಯಿಂದ ಮಂಚಕ್ಕೆ

ಚಾಚುಗಳೇ ಇಲ್ಲದ ಗೋಡೆಗಳಿಗೆ ಕೈಹಾಕಿದಾಗ ಸಹನೆಯೊಂದೇ ಸಾಲಲಿಲ್ಲ. 1964ರಲ್ಲಿ ಎಲ್ ಕ್ಯಾಪಿಟನ್ನಿನ ನಾರ್ತ್ ಅಮೆರಿಕ ಗೋಡೆ ಏರಿದ ರಾಬಿನ್ಸ್ ತಂಡ ಮೊಳೆಗಳಿಗೆ ಜೋಲಿ ಕಟ್ಟಿ ಮಲಗಿತು. ಮಗುವಿಗೆ ಹಿತವಾದ ಜೋಲಿ ದೊಡ್ಡವರ ಭುಜಗಳನ್ನು ಹಿಂಡುತ್ತದೆ, ಬಂಡೆಯ ಕಡೆಗೆ ಒತ್ತುತ್ತದೆ. ಮಳೆ ಬಂದರೆ ಕಷ್ಟ ಇಮ್ಮಡಿ. 1968ರಲ್ಲಿ ಹಾಫ್ ಡೋಮ್‌ನ ದಕ್ಷಿಣ ಮುಖದಲ್ಲಿ ವಾರನ್ ಹಾರ್ಡಿಂಗ್ ಮತ್ತು ಗ್ಯಾಲನ್ ರೋವೆಲ್ ತಾವೇ ರೂಪಿಸಿದ ಮುಚ್ಚು ಜೋಲಿಗಳಲ್ಲಿ ಬಿರುಗಾಳಿಗೆ ಸಿಕ್ಕರು. ಒಳಗೆಲ್ಲ ನೀರು ನಿಂತು ತೊಯ್ದು ಹೋದ ಅವರನ್ನು ಹೆಲಿಕಾಪ್ಟರ್ ನೆರವಿನಿಂದ ಪಾರುಮಾಡಬೇಕಾಯಿತು.

1976ರಲ್ಲಿ ಗಢವಾಲದ 6,864 ಮೀಟರ್ ಎತ್ತರದ ಚಂಗಬಂಗ್ ಶಿಖರದ ಪಶ್ಚಿಮ ಗೋಡೆಗೆ ಬಂದ ಪೀಟರ್ ಬೋರ್ಡ್‌ಮನ್ ಮತ್ತು ಜೋ ಟಾಸ್ಕರ್, ಹೊರಡುವ ಮುನ್ನ ಇಂಗ್ಲೆಂಡಿನ ಶೀತಲಗೃಹವೊಂದರಲ್ಲಿ ಜೋಲಿ ಕಟ್ಟಿ ಮಲಗಿ ಅಭ್ಯಾಸ ಮಾಡಿದ್ದರು. ಗೋಡೆಯ ಮೇಲೆ ಮಾತ್ರ ಆ ಜೋಲಿಗಳ ರಾತ್ರಿಗಳು ಅವರನ್ನು ಹಣ್ಣು ಮಾಡಿದವು. ಆದರೂ ಅಕ್ಟೋಬರ್ 15ರಂದು ತುದಿ ಮುಟ್ಟಿದರು. ಲೋಹದ ಚೌಕಟ್ಟಿಗೆ ಬಟ್ಟೆ ಬಿಗಿದು ಒಂದೇ ಬಿಂದುವಿನಿಂದ ತೂಗುವ ಮಂಚ 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಬಂಡೆಯ ನಡುವೆಯೂ ಬೆನ್ನು ನೆಟ್ಟಗೆ ಮಾಡಿ ಮಲಗುವುದು ಸಾಧ್ಯವಾಯಿತು.

ರಾತ್ರಿಯನ್ನು ಗೆಲ್ಲಲು ಇನ್ನೊಂದು ದಾರಿಯೂ ತೆರೆಯಿತು: ಅದು ಬರುವ ಮೊದಲೇ ತುದಿ ಮುಟ್ಟುವುದು. ‘ನೋಸ್’ ದಾರಿಯನ್ನು 1958ರಲ್ಲಿ ಮುಗಿಸಲು ಹಾರ್ಡಿಂಗ್ ತಂಡಕ್ಕೆ ಹದಿನಾರು ತಿಂಗಳಲ್ಲಿ ಹರಡಿದ ನಲವತ್ತೈದಕ್ಕೂ ಹೆಚ್ಚು ದಿನ ಬೇಕಾಗಿತ್ತು. 1975ರಲ್ಲಿ ಜಿಮ್ ಬ್ರಿಡ್‌ವೆಲ್, ಜಾನ್ ಲಾಂಗ್, ಬಿಲ್ಲಿ ವೆಸ್ಟ್‌ಬೇ ಅದನ್ನು ಒಂದೇ ದಿನದಲ್ಲಿ ಏರಿದರು. 2018ರಲ್ಲಿ ಅಲೆಕ್ಸ್ ಹೊನಾಲ್ಡ್ ಮತ್ತು ಟಾಮಿ ಕಾಲ್ಡ್‌ವೆಲ್ ಎರಡು ಗಂಟೆಯೊಳಗೆ ಮುಗಿಸಿದರು.

ಆದರೂ ಹಳೆಯ ವಿದ್ಯೆ ಹಳತಾಗಿಲ್ಲ. ಒಂದೇ ದಿನದಲ್ಲಿ ಮುಗಿಸುವ ಲೆಕ್ಕದಲ್ಲಿ ಹಗುರವಾಗಿ ಹೊರಟವನ ಬಳಿ ಮಂಚವೂ ಇರುವುದಿಲ್ಲ, ಹೊದಿಕೆಯೂ ಇರುವುದಿಲ್ಲ. ಹಗ್ಗ ಬಿರುಕಿನಲ್ಲಿ ಸಿಕ್ಕಿಕೊಂಡರೆ, ಮೋಡ ಕವಿದರೆ, ಜೊತೆಗಾರನ ಕಾಲು ಉಳುಕಿದರೆ ಅವನು 1935ರ ತರುಣರ ಸ್ಥಿತಿಗೇ ಮರಳುತ್ತಾನೆ. ಆಗ ಉಳಿಯುವುದು ಸುತ್ತಿದ ಹಗ್ಗ, ಖಾಲಿ ಚೀಲ, ಪಕ್ಕದವನ ಮೈಯ ಬಿಸಿ ಮತ್ತು ಬೆಳಗಿನವರೆಗಿನ ಪಹರೆ.