ಅನಾಥಾಲಯ ಸ್ವಯಂಸೇವೆ

ಅನಾಥಾಲಯ ಸ್ವಯಂಸೇವೆ ಎಂದರೆ ಪೋಷಕರ ಆಸರೆಯಿಲ್ಲದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಸಂಬಳ ಪಡೆಯದೆ ದುಡಿಯುವುದು ಹಾಗೂ ಅವುಗಳ ಅಗತ್ಯಗಳಿಗೆ ಹಣ, ವಸ್ತು ಅಥವಾ ಪರಿಣತಿಯ ರೂಪದಲ್ಲಿ ನೆರವಾಗುವುದು. ವಿದೇಶಿಯರು ಅಲ್ಪಾವಧಿಗೆ ಬಂದು ಸಲ್ಲಿಸುವ ಇಂತಹ ಸೇವೆಯನ್ನು ಟೀಕಾಕಾರರು 'ಅನಾಥಾಲಯ ಪ್ರವಾಸೋದ್ಯಮ' ಎಂದು ಕರೆಯುತ್ತಾರೆ.

ಇತಿಹಾಸ

1876–78ರ ಮಹಾಕ್ಷಾಮವು ಮೈಸೂರು ಸಂಸ್ಥಾನದಲ್ಲಿ ಅನೇಕ ಮಕ್ಕಳನ್ನು ಅನಾಥರನ್ನಾಗಿಸಿತು. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಅಂತಹ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿಯೂ ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿಯೂ ಅನಾಥಾಲಯಗಳನ್ನು ನಡೆಸಿತು.

ಟೀಕೆಗಳು

ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಜೀವಂತವಿರುತ್ತಾರೆ. ಬಡತನವೇ ಅವರನ್ನು ಅಲ್ಲಿಗೆ ತಂದಿರುತ್ತದೆ. ನೇಪಾಳದ ಆಂತರಿಕ ಸಂಘರ್ಷದ ಕಾಲದಲ್ಲಿ (1996–2006) ದಲ್ಲಾಳಿಗಳು ಶಿಕ್ಷಣದ ಆಮಿಷವೊಡ್ಡಿ ಹುಮ್ಲಾ ಮೊದಲಾದ ಗುಡ್ಡಗಾಡು ಜಿಲ್ಲೆಗಳ ಮಕ್ಕಳನ್ನು ಕಠ್ಮಂಡುವಿನ ಸಂಸ್ಥೆಗಳಿಗೆ ಸಾಗಿಸಿದ್ದರು. ಕೆಲವೇ ವಾರಗಳಿಗೊಮ್ಮೆ ಬದಲಾಗುವ ಸ್ವಯಂಸೇವಕರನ್ನು ಹಚ್ಚಿಕೊಂಡು ಮತ್ತೆ ಮತ್ತೆ ಅಗಲುವುದು ಮಕ್ಕಳ ಮನಸ್ಸಿಗೆ ಹಾನಿಕರ. ಆಸ್ಟ್ರೇಲಿಯಾ 2018ರಲ್ಲಿ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು.

ಭಾರತದಲ್ಲಿನ ಕಾನೂನು

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 41ನೆಯ ಕಲಮಿನಂತೆ ಇಂತಹ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಪಡೆಯಬೇಕು. ತಪ್ಪಿದಲ್ಲಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ಕನಿಷ್ಠ 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಗುವನ್ನು ಸಂಸ್ಥೆಗೆ ಸೇರಿಸುವ ನಿರ್ಧಾರವು ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದ್ದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ನಿರಾಶ್ರಿತ ಮಗುವೊಂದು ಕಂಡುಬಂದರೆ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಹಾಸನ ಜಿಲ್ಲೆಯ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಬಹುದು. ಇಂತಹ ಮಕ್ಕಳ ಗುರುತು ತಿಳಿಯುವಂತೆ ಮಾಧ್ಯಮಗಳಲ್ಲಿ ಚಿತ್ರ ಅಥವಾ ಹೆಸರನ್ನು ಪ್ರಕಟಿಸುವುದನ್ನು 74ನೆಯ ಕಲಮು ನಿಷೇಧಿಸುತ್ತದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010ಕ್ಕೆ ಒಳಪಡುತ್ತವೆ.

ನೆರವಿನ ಸೂಕ್ತ ಮಾರ್ಗಗಳು

ನೆರವು ನೀಡುವವರು ಮೊದಲು ಸಂಸ್ಥೆಯ ನೋಂದಣಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ. ಮಕ್ಕಳ ನೇರ ಆರೈಕೆಗಿಂತ ಸಿಬ್ಬಂದಿಯ ತರಬೇತಿ, ಲೆಕ್ಕಪತ್ರ ನಿರ್ವಹಣೆ, ವೈದ್ಯಕೀಯ ತಪಾಸಣೆ ಮೊದಲಾದ ಕೆಲಸಗಳಲ್ಲಿ ಸ್ವಯಂಸೇವಕರ ಪರಿಣತಿ ಹೆಚ್ಚು ಉಪಯುಕ್ತ. ಮಗುವನ್ನು ಕುಟುಂಬದಲ್ಲಿಯೇ ಉಳಿಸುವ ಸಲುವಾಗಿ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯು ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವ ಒದಗಿಸುತ್ತದೆ. ಕಾಯ್ದೆಯ ಪ್ರಕಾರ ಸಂಸ್ಥೆಯ ವಾಸವು ಮಗುವಿಗೆ ಕೊನೆಯ ಆಯ್ಕೆಯಾಗಿರಬೇಕು.