ಬಿತ್ತದ ಬೆಳೆ



ಪಟ್ಟಣವಾಸಿಗಳಾದ ನಮಗೆ ತರಕಾರಿಯೆಂದರೆ ಮಾರುಕಟ್ಟೆಯಲ್ಲಿ ಕ್ರಯಕ್ಕೆ ದೊರೆಯುವ ಪದಾರ್ಥ. ಕೋಲಾರ, ತುಮಕೂರು ಸೀಮೆಗಳ ರೈತನಿಗಾದರೋ ಬಿತ್ತಿದ ಬೆಳೆಯೊಂದು, ಬಿತ್ತದ ಬೆಳೆ ಇನ್ನೊಂದು. ಈ ಎರಡನೆಯದರ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆಮಾಡುತ್ತೇನೆ.

ಮಳೆ ಬಿದ್ದು ರಾಗಿಯ ಪೈರು ಗೇಣುದ್ದ ಎದ್ದಾಗ, ಸಾಲುಗಳ ನಡುವೆ ಅಣ್ಣೆ, ಗೋಣಿ, ಕೀರೆ ಮೊದಲಾದ ಸೊಪ್ಪುಗಳೂ ತಲೆಯೆತ್ತುತ್ತವೆ. ವ್ಯವಸಾಯದ ಪುಸ್ತಕಗಳು ಇವನ್ನು ಕಳೆಯೆನ್ನುತ್ತವೆ. ಕಳೆ ಕೀಳುವ ಹೆಣ್ಣುಮಕ್ಕಳು ಮಾತ್ರ ಎಳೆಯ ಕುಡಿಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಹೊಲವೂ ಹಸನಾಯಿತು, ಸಂಜೆಯ ಅಡಿಗೆಗೂ ಒದಗಿತು. ಕೆರೆಯಂಚಿನ ಹೊನಗೊನೆ, ಬದುವಿನ ಗಣಿಕೆ ಇವುಗಳೂ ಕೂಡಿದರೆ ಅದು ಬೆರಕೆ ಸೊಪ್ಪು. ಬೇಳೆಯೊಡನೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದ ಸೊಪ್ಪಿನಿಂದ ಪಲ್ಯವನ್ನೂ ಮಾಡಿದರೆ ಬಸ್ಸಾರೆನಿಸುತ್ತದೆ. ರಾಗಿಯ ಮುದ್ದೆಗೆ ಇದಕ್ಕಿಂತ ತಕ್ಕ ಜೊತೆ ಬೇರಿಲ್ಲ.

ಮಲೆನಾಡಿನಲ್ಲಿ ಈ ವಿದ್ಯೆ ಇನ್ನೂ ಸೂಕ್ಷ್ಮವಾದುದು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿದ್ದು ಗಂಟಲನ್ನು ಕೆರೆಯಿಸುತ್ತವೆ. ಆದ್ದರಿಂದ ಹುಣಿಸೆಯ ಹುಳಿ ಸೇರಿಸಿ ಚೆನ್ನಾಗಿ ಬೇಯಿಸುತ್ತಾರೆ. ಬಿದಿರಿನ ಎಳೆಯ ಮೊಳಕೆಯಾದ ಕಳಲೆಯಲ್ಲಿ ವಿಷಾಂಶವುಂಟು. ಅದನ್ನು ತೆಳ್ಳಗೆ ಹೆಚ್ಚಿ, ದಿನದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಯಿಟ್ಟು ಬೇಯಿಸಿದರೇನೇ ತಿನ್ನಲು ಯೋಗ್ಯ. ರಸಾಯನಶಾಸ್ತ್ರವು ಕಾರಣವನ್ನು ಹೇಳುವುದಕ್ಕೆ ಬಹು ಮೊದಲೇ ಅಡಿಗೆಯ ಮನೆ ಉಪಾಯವನ್ನು ಕಂಡುಕೊಂಡಿತ್ತು.

ಇನ್ನು ಅಣಬೆ. ಗುಡುಗಿದರೆ ಅಣಬೆ ಏಳುವುದೆಂದು ಹಳ್ಳಿಗರ ನಂಬಿಕೆ. ವಾಸ್ತವವಾಗಿ ಗೆದ್ದಲುಗಳು ನೆಲದೊಳಗಿನ ಗೂಡಿನಲ್ಲಿ ಒಣಕಡ್ಡಿ, ತರಗುಗಳ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ನೆಲ ನೆನೆದಾಗ ಅದು ಕೊಡೆಯಂತೆ ಮೇಲೆ ಬರುತ್ತದೆ. ಹುತ್ತದ ಅಣಬೆಯ ಕಾಲು ಬೇರಿನಂತೆ ನೀಳವಾಗಿ ಗೂಡಿನವರೆಗೂ ಇಳಿದಿರುತ್ತದೆ. ತಿಳಿದ ರೈತನು ಕಾಲು, ತಾಣ, ಋತು ಎಲ್ಲವನ್ನೂ ಕೂಡಿಸಿ ನೋಡುತ್ತಾನೆ. ಗೂಡನ್ನು ಅಗೆದು ಕೆಡಿಸುವುದಿಲ್ಲ. ಬರುವ ವರ್ಷವೂ ಅಲ್ಲಿಯೇ ಏಳಬಹುದಲ್ಲವೆ?

ಇಲ್ಲಿ ಶ್ರೋತೃಗಳಿಗೆ ಒಂದು ಎಚ್ಚರಿಕೆ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಅಣಬೆ ಒಳ್ಳೆಯದು, ಹುಳು ತಿಂದುದನ್ನು ಮನುಷ್ಯನೂ ತಿನ್ನಬಹುದು ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಅತ್ಯಂತ ಘೋರವಾದ ಅಣಬೆಯ ವಿಷ ಬೇಯಿಸಿದರೂ ಹೋಗದು. ತಿಂದು ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿಭೇದಿ ತೋರಿ, ನಡುವೆ ಗುಣವಾದಂತೆ ಕಂಡು, ಅಷ್ಟರಲ್ಲಿ ಪಿತ್ತಜನಕಾಂಗವು ಕೆಟ್ಟಿರುತ್ತದೆ. ಚಿತ್ರವನ್ನು ನೋಡಿ ಅಣಬೆಯನ್ನು ಕಿತ್ತು ತಿನ್ನುವ ಸಾಹಸ ಬೇಡ. ಸಂದೇಹ ಬಂದರೆ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಈ ಅರಿವು ಗ್ರಂಥಸ್ಥವಾದುದಲ್ಲ. ಅಜ್ಜಿಯ ಹಿಂದೆ ನಡೆದ ಮೊಮ್ಮಗಳು ಕಣ್ಣಿನಿಂದಲೂ ಬೆರಳಿನಿಂದಲೂ ಕಲಿತುದು. ಕಳೆನಾಶಕವನ್ನು ಸಿಂಪಡಿಸಿದ ಹೊಲದಲ್ಲಿ ಕೂಲಿಯ ವೆಚ್ಚವೇನೋ ಉಳಿಯುತ್ತದೆ. ಆದರೆ ಕಳೆಯೊಡನೆ ಸೊಪ್ಪೂ ಹೋಗುತ್ತದೆ, ಸೊಪ್ಪಿನೊಡನೆ ಅದರ ಗುರುತೂ ಹೋಗುತ್ತದೆ. ಗುರುತು ತಪ್ಪಿದ ಮೇಲೆ ಗಿಡ ಮತ್ತೆ ಮೊಳೆತರೂ ಅದು ಬರಿಯ ಕಳೆಯೇ. ಸಂತೆಯಲ್ಲಿ ಬೆರಕೆ ಸೊಪ್ಪಿನ ಕಂತೆಯನ್ನು ಕಂಡಾಗ ಕೊಳ್ಳಿರಿ. ಜೊತೆಗೆ ಒಂದೊಂದು ಎಲೆಯ ಹೆಸರನ್ನೂ ಮಾರುವಾಕೆಯಿಂದ ಕೇಳಿ ತಿಳಿಯಿರಿ. ಕ್ರಯಕ್ಕಿಂತ ಹೆಚ್ಚಿನದನ್ನು ಆಕೆ ಕೊಡಬಲ್ಲಳು.